ಕ್ಲಿಪ್ ಹಾಕಿದ ಹಲ್ಲಿಗೆ ರಾತ್ರಿಯ ಹತ್ತು ನಿಮಿಷ

ಹಲ್ಲಿಗೆ ಕ್ಲಿಪ್ ಹಾಕಿಸಿದ ಮನೆಯಲ್ಲಿ ಎಲ್ಲರ ಗಮನವೂ ಹಲ್ಲು ಯಾವಾಗ ಸಾಲಿಗೆ ಬರುತ್ತದೆ ಎಂಬುದರ ಮೇಲೆಯೇ. ಒಂದೂವರೆ, ಎರಡು ವರ್ಷದ ಮೇಲೆ ಕ್ಲಿಪ್ ತೆಗೆದ ದಿನ ಹಲ್ಲು ನೇರವಾಗಿಯೇ ಇರುತ್ತದೆ. ಆದರೆ ಕೆಲವರಿಗೆ ಬ್ರಾಕೆಟ್ (ತಂತಿಯನ್ನು ಹಿಡಿದಿಡುವ ಪುಟ್ಟ ಬಿಲ್ಲೆ) ಅಂಟಿಸಿದ್ದ ಜಾಗದ ಸುತ್ತ ಮಂಕು ಬಿಳಿ ಕಲೆ ಉಳಿದುಬಿಟ್ಟಿರುತ್ತದೆ. ಕ್ಲಿಪ್ಪಿನ ಲೋಹದಿಂದ ಬಂದ ಕಲೆಯಲ್ಲ ಅದು. ಬ್ರಾಕೆಟ್ಟಿನ ಸುತ್ತ ಕಟ್ಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ, ಪಿಷ್ಟವನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗಿಸುತ್ತದೆ. ಶುಚಿ ತಪ್ಪಿದರೆ ನಾಲ್ಕೇ ವಾರದಲ್ಲಿ ಈ ಕಲೆ ಕಾಣಿಸಿಕೊಳ್ಳಬಹುದು. ಆಮೇಲೆ ಸ್ವಲ್ಪ ಮಾಸೀತು, ಪೂರ್ತಿ ಹೋಗುವುದು ಅಪರೂಪ.

ಊಟವಾದಾಗಲೆಲ್ಲ ಹಲ್ಲುಜ್ಜಬೇಕು ಎಂದು ಡಾಕ್ಟರು ಹೇಳುತ್ತಾರೆ. ಶಾಲೆ, ಕಾಲೇಜು, ಕೆಲಸದ ನಡುವೆ ಅದು ಎಲ್ಲರಿಗೂ ಆಗದ ಮಾತು. ಮಧ್ಯಾಹ್ನ ಚೆನ್ನಾಗಿ ಬಾಯಿ ಮುಕ್ಕಳಿಸಿದರೂ ತಕ್ಕಮಟ್ಟಿಗೆ ನಡೆದೀತು. ರಾತ್ರಿಯದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು. ಆಮ್ಲವನ್ನು ತೊಳೆದು ಹಲ್ಲು ಕಾಯುವುದು ಎಂಜಲು. ನಿದ್ದೆಯಲ್ಲಿ ಅದರ ಒಸರು ತೀರ ಕಡಿಮೆಯಾಗುತ್ತದೆ. ಆಗ ಹಲ್ಲಿನ ಮೇಲೆ ಉಳಿದದ್ದು ಬೆಳಗಿನವರೆಗೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

<b>ಏನೇನು ಬೇಕು</b>

ಮೃದು ಎಳೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಒಂದು ಕನ್ನಡಿ. ಇವುಗಳ ಜೊತೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಇಂಟರ್‌ಡೆಂಟಲ್ ಬ್ರಷ್; ಬಾಟಲಿ ತೊಳೆಯುವ ಬ್ರಷ್ಷಿನ ಪುಟಾಣಿ ಮರಿಯಂತಿರುತ್ತದೆ. ಇದಿಲ್ಲದೆ ತಂತಿಯ ಹಿಂದಿನ ಜಾಗ ಶುಚಿಯಾಗುವುದು ಕಷ್ಟ. ಹಲ್ಲಿನ ಸಂದಿಗೆ ಫ್ಲಾಸ್ ದಾರ, ಅದನ್ನು ಹಾಯಿಸಲು ಥ್ರೆಡರ್ ಕೂಡ ಬೇಕು. ಪೇಸ್ಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹ ಓದಿ: ಫ್ಲೋರೈಡ್ ಸುಮಾರು 1000 ಪಿಪಿಎಂ ಎಂದಿರಲಿ. ಗಿಡಮೂಲಿಕೆಯ ಹೆಸರಿನ ಹಲವು ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಹಲ್ಲುಪುಡಿ, ಇದ್ದಿಲ ಪುಡಿ ಈಗ ಬೇಡ. ಅವು ತರಿತರಿಯಾಗಿ ಬ್ರಾಕೆಟ್ ಮೂಲೆಯಲ್ಲಿ ಕೂರುತ್ತವೆ, ಎನಾಮಲ್ ಸವೆಸುತ್ತವೆ. ಬೇವಿನ ಕಡ್ಡಿ ತಂತಿಯ ಹಿಂದಕ್ಕೆ ಹೋಗುವುದಿಲ್ಲ.

<b>ಉಜ್ಜುವ ಕ್ರಮ</b>

ಮೊದಲು ನೀರು ತುಂಬಿಕೊಂಡು ಜೋರಾಗಿ ಮುಕ್ಕಳಿಸಿ. ಅನ್ನದಗುಳು, ಸೊಪ್ಪಿನ ನಾರಿನಂಥ ದೊಡ್ಡ ಚೂರುಗಳು ಇದರಲ್ಲೇ ಹೋಗುತ್ತವೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಿಕ್ಕಿಸುವ ರಬ್ಬರ್ ಇದ್ದರೆ ತೆಗೆದಿಡಿ.

ಒಂದೊಂದು ಬ್ರಾಕೆಟ್ಟನ್ನೂ ಮೂರು ದಿಕ್ಕಿನಿಂದ ಉಜ್ಜಬೇಕು. ಮೇಲಿನ ಸಾಲಿನಲ್ಲಿ ಶುರುಮಾಡಿ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ವಸಡಿಗೂ ಬ್ರಾಕೆಟ್ಟಿಗೂ ನಡುವಿನ ಪಟ್ಟಿಯನ್ನು ಸಣ್ಣ ಸುತ್ತುಗಳಲ್ಲಿ ಉಜ್ಜಿ. ಬಿಳಿ ಕಲೆ ಹೆಚ್ಚಾಗಿ ಏಳುವುದು ಈ ಪಟ್ಟಿಯಲ್ಲೇ. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಅನಂತರ ಎಳೆಗಳನ್ನು ಕೆಳಗಿನಿಂದ ಮೇಲಕ್ಕೆ ಓರೆ ಮಾಡಿ ಬ್ರಾಕೆಟ್ಟಿನ ತಳ ಉಜ್ಜಿ. ಕೊನೆಗೆ ನೇರವಾಗಿ ಮುಂಭಾಗ. ಒಂದು ಸಲಕ್ಕೆ ಎರಡು ಹಲ್ಲು ಸಾಕು. ಬಾಯಿಯ ಮೂಲೆಯ ದವಡೆ ಹಲ್ಲಿಗೆ ಬಂದಾಗ ಬಾಯಿಯನ್ನು ಅರ್ಧ ಮುಚ್ಚಿ, ಕೆನ್ನೆ ಸಡಿಲವಾಗಿ ಬ್ರಷ್ಷಿಗೆ ಜಾಗ ಸಿಗುತ್ತದೆ. ಕೆಳಸಾಲಿಗೂ ಇದೇ ಕ್ರಮ. ಒಳಬದಿ, ಅಗಿಯುವ ಮೇಲ್ಮೈ, ನಾಲಿಗೆಯನ್ನು ಮಾಮೂಲಿನಂತೆ ಶುಚಿಮಾಡಿ.

ಈಗ ಪುಟ್ಟ ಬ್ರಷ್. ಎರಡು ಬ್ರಾಕೆಟ್ಟುಗಳ ನಡುವೆ ತಂತಿಯ ಹಿಂದಕ್ಕೆ ಮೇಲಿನಿಂದ ತೂರಿಸಿ, ನಾಲ್ಕೈದು ಸಲ ಆಡಿಸಿ, ಕೆಳಗಿನಿಂದಲೂ ಹಾಗೆಯೇ ಮಾಡಿ. ಒತ್ತಿ ತುರುಕಬೇಡಿ, ತಂತಿ ಬಾಗೀತು. ಹಲ್ಲುಗಳ ಸಂದಿಗೆ ಫ್ಲಾಸ್ ದಾರ ಬೇಕು. ತಂತಿ ಅಡ್ಡ ಇರುವುದರಿಂದ, ಪ್ಲಾಸ್ಟಿಕ್ ಸೂಜಿಯಂಥ ಥ್ರೆಡರ್‌ಗೆ ದಾರ ಪೋಣಿಸಿ ತಂತಿಯ ಕೆಳಗೆ ಹಾಯಿಸಬೇಕು. ನಿಜ, ಇದು ಬೇಸರದ ಕೆಲಸ. ಆದರೂ ದಿನಕ್ಕೊಂದು ಸಲ ಮಾಡಿ. ಪಿನ್ನು, ಗುಂಡುಸೂಜಿ ಹಾಕಿ ಕೆದಕುವುದು ಮಾತ್ರ ಬೇಡವೇ ಬೇಡ.

ನೊರೆ ಉಗಿದ ಮೇಲೆ ಬಾಯಿಗೆ ನೀರು ಹಾಕಬೇಡಿ. ಉಳಿದ ಫ್ಲೋರೈಡ್ ಹಲ್ಲಿನ ಮೇಲೆ ಇರಲಿ. ಕನ್ನಡಿ ನೋಡಿ: ಲೋಹ ಹೊಳೆಯುತ್ತಿರಬೇಕು, ಬ್ರಾಕೆಟ್ಟಿನ ನಾಲ್ಕೂ ಅಂಚು ಸ್ಪಷ್ಟವಾಗಿ ಕಾಣಬೇಕು. ಅಂಚು ಮಸುಕಾಗಿದ್ದರೆ ಅಲ್ಲಿ ಪಾಚಿ ಇದೆ ಎಂದರ್ಥ.

ಶುರುವಿನಲ್ಲಿ ವಸಡಿನಿಂದ ರಕ್ತ ಬಂದರೆ ಹೆದರಿ ಉಜ್ಜುವುದನ್ನು ನಿಲ್ಲಿಸುವವರೇ ಹೆಚ್ಚು. ಸಾಮಾನ್ಯವಾಗಿ ರಕ್ತ ಬರುವುದು ಪಾಚಿಯಿಂದ ವಸಡು ಊದಿಕೊಂಡಿದ್ದಕ್ಕೆ. ಮೃದುವಾಗಿ ಉಜ್ಜುತ್ತ ಹೋದರೆ ಕಡಿಮೆಯಾಗುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಕ್ಲಿನಿಕ್ಕಿನಲ್ಲಿ ಕೊಡುವ ಮೇಣವನ್ನು ಉಂಡೆ ಮಾಡಿ ಅಂಟಿಸಿಕೊಳ್ಳಿ, ನೀವೇ ಕತ್ತರಿಸಲು ಹೋಗಬೇಡಿ.

<b>ತಿನ್ನುವ ವಿಚಾರ</b>

ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಬ್ರಾಕೆಟ್ ಕಿತ್ತುಹಾಕುತ್ತವೆ. ಸಂಕ್ರಾಂತಿಯ ಕಬ್ಬನ್ನು ಸಿಗಿಯುವ ಆಸೆಯನ್ನು ಕ್ಲಿಪ್ ಇರುವಷ್ಟು ಕಾಲ ಬಿಡಬೇಕು, ಕಬ್ಬಿನ ಹಾಲು ಕುಡಿದು ಬಾಯಿ ಮುಕ್ಕಳಿಸಿ. ಸಕ್ಕರೆ ಅಚ್ಚು, ಕಡಲೆ ಮಿಠಾಯಿ ಗಟ್ಟಿಯೂ ಹೌದು, ಸಿಹಿಯೂ ಹೌದು. ಸೀಬೆಹಣ್ಣನ್ನು ಕಚ್ಚದೆ ಹೋಳು ಮಾಡಿಕೊಂಡು ದವಡೆಯಲ್ಲಿ ಅಗಿಯಿರಿ. ಖಡಕ್ ರೊಟ್ಟಿಯ ಊರಿನವರು ಒಂದಷ್ಟು ಕಾಲ ಮೆದು ರೊಟ್ಟಿ ತಿನ್ನಿ, ಇಲ್ಲವೇ ಪಲ್ಯದ ರಸದಲ್ಲಿ ನೆನೆಸಿಕೊಳ್ಳಿ. ಬಿಸ್ಕತ್ತು, ಬ್ರೆಡ್ಡು ಮೆತ್ತಗಿದ್ದರೂ ಬ್ರಾಕೆಟ್ಟಿಗೆ ಮೆತ್ತಿಕೊಂಡು ಗಂಟೆಗಟ್ಟಲೆ ಉಳಿಯುತ್ತವೆ. ಸಾರಿನ ಅರಿಸಿನದಿಂದ ಬ್ರಾಕೆಟ್ಟಿನ ಬಣ್ಣವಿಲ್ಲದ ರಬ್ಬರ್ ಹಳದಿಯಾದರೆ ಚಿಂತೆ ಬೇಡ, ಮುಂದಿನ ಭೇಟಿಯಲ್ಲಿ ಬದಲಿಸುತ್ತಾರೆ.

ಕೋಲಾರ, ಪಾವಗಡ, ರಾಯಚೂರಿನಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚು. ಅಲ್ಲಿನವರು ಪೇಸ್ಟ್ ಬಿಡಬೇಕಿಲ್ಲ, ಆದರೆ ನುಂಗದಂತೆ ಉಗಿಯಬೇಕು. ಫ್ಲೋರೈಡ್ ಮೌತ್‌ವಾಷನ್ನು ಡಾಕ್ಟರನ್ನು ಕೇಳದೆ ಬಳಸಬಾರದು.

ಬಾಯಿ ತೀರ ಕೊಳಕಾಗಿದ್ದರೆ, ಹಲ್ಲು ಉಳಿಸುವುದಕ್ಕಾಗಿ ಚಿಕಿತ್ಸೆ ಅರ್ಧಕ್ಕೇ ನಿಲ್ಲಿಸಿ ಕ್ಲಿಪ್ ತೆಗೆಯುವ ಪ್ರಸಂಗವೂ ಬರುತ್ತದೆ. ಕಟ್ಟಿದ ಹಣವೂ ಪಟ್ಟ ನೋವೂ ಆಗ ದಂಡ. ಅದಕ್ಕೇ ಅಪ್ಪ, ಅಮ್ಮಂದಿರಲ್ಲಿ ಒಂದು ಕೋರಿಕೆ. ‘ಹಲ್ಲುಜ್ಜಿದೆಯಾ?’ ಎಂದು ಮಕ್ಕಳನ್ನು ಕೇಳಿ ಬಿಡಬೇಡಿ, ಮಲಗುವ ಮುನ್ನ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿ. ಮುಂದಿನ ಸಲ ಕ್ಲಿನಿಕ್ಕಿಗೆ ಹೋಗುವಾಗ ಬ್ರಷ್ಷನ್ನೂ ಒಯ್ಯಿರಿ. ಡಾಕ್ಟರ ಎದುರಿಗೇ ಮಗು ಒಮ್ಮೆ ಹಲ್ಲುಜ್ಜಲಿ, ಎಲ್ಲೆಲ್ಲಿ ಬಿಟ್ಟುಹೋಗುತ್ತಿದೆ ಎಂದು ಅವರಿಂದಲೇ ತೋರಿಸಿಕೊಳ್ಳಿ.