ಹಳಿ, ಹಂಚು, ಕಾರ್ಖಾನೆ: ಕ್ಯಾಮೆರಾ ಹಿಡಿದ ಮಗಳಿಗೆ ದೊಡ್ಡಪ್ಪನ ಕಿವಿಮಾತು

ಮಗಳೇ, ಕಾಸರಗೋಡಿನ ಅಡೂರಿನಿಂದ ಕೆಲಸಕ್ಕೆಂದು ಮಂಗಳೂರಿಗೆ ಹೋಗಿ ಜೆಪ್ಪಿನಲ್ಲಿ ಮನೆ ಮಾಡಿದ್ದೀ. ರಜೆಯ ದಿನ ರೈಲು, ಹಳೆಯ ಕಾರ್ಖಾನೆಗಳ ಫೋಟೊ ತೆಗೆಯಲು ಹೊರಡುತ್ತೀ ಎಂದು ನಿನ್ನ ಅಮ್ಮ ಹೇಳಿದಾಗ ಬಹಳ ಸಂತೋಷವಾಯಿತು. ಅದಕ್ಕೆ ಹೇಳಿ ಮಾಡಿಸಿದ ಜಾಗದಲ್ಲೇ ನೀನಿದ್ದೀ. 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು ಜೆಪ್ಪಿನಲ್ಲಿ, ನೇತ್ರಾವತಿಯ ಬದಿಯಲ್ಲಿ. 1907ರಲ್ಲಿ ಮಂಗಳೂರು ಮುಟ್ಟಿದ ರೈಲೂ ಅದೇ ಹೊಳೆ ದಾಟಿ ಬರುತ್ತದೆ. ನಾನೂ ಇದೇ ಹುಚ್ಚಿನಲ್ಲಿ ತಿರುಗಿದವನಾದ್ದರಿಂದ ಕೆಲವು ಮಾತು ಹೇಳುತ್ತೇನೆ, ಮನಸ್ಸಿಟ್ಟು ಕೇಳು.

• ಹಳಿಯ ಮೇಲೆ ಕಾಲಿಡಬೇಡ. ಕಾಸರಗೋಡಿನಿಂದ ಮಂಗಳೂರಿಗೆ ಜೋಡಿ ಹಳಿ. ಒಂದು ಗಾಡಿ ಹೋಯಿತೆಂದು ದಾಟಲು ಹೊರಟರೆ ಅದರ ಮರೆಯಿಂದ ಎದುರು ದಿಕ್ಕಿನ ಗಾಡಿ ಬಂದೀತು. ಈಗಿನ ವಿದ್ಯುತ್ ಎಂಜಿನ್‌ಗಳು ಹಳೆಯ ಡೀಸೆಲ್ ಎಂಜಿನ್‌ನಷ್ಟು ದೂರದಿಂದ ಸದ್ದು ಕೊಡುವುದಿಲ್ಲ. ಕ್ಯಾಮೆರಾಕ್ಕೆ ಕಣ್ಣಿಟ್ಟವರಿಗೆ ಅಕ್ಕಪಕ್ಕ ಕಾಣುವುದೂ ಇಲ್ಲ. ಪ್ಲಾಟ್‌ಫಾರ್ಮಿನಲ್ಲಾದರೆ ಹಳದಿ ಗೆರೆಯ ಹಿಂದೆಯೇ ನಿಲ್ಲು.

• ತಲೆಯ ಮೇಲಿನ ತಂತಿಯನ್ನು ಮರೆಯಬೇಡ. ಅದರಲ್ಲಿರುವುದು 25,000 ವೋಲ್ಟ್. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು, ವಿದ್ಯುತ್ ಜಿಗಿದು ಮೈಗೆ ಹೊಡೆಯುತ್ತದೆ. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತುವುದು, ಸೆಲ್ಫಿ ಕೋಲು ಎತ್ತಿ ಹಿಡಿಯುವುದು ಯಾವ ಕಾರಣಕ್ಕೂ ಬೇಡ.

• ಕಾನೂನು ತಿಳಿದುಕೊಂಡೇ ಹೊರಡು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಜಾಗಕ್ಕೆ ಅಪ್ಪಣೆ ಇಲ್ಲದೆ ನುಗ್ಗಿದರೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೋ. ಸ್ಟೇಷನ್ ಮಾಸ್ಟರರನ್ನು ಕಂಡು ಹೀಗೆ ಫೋಟೊ ತೆಗೆಯುತ್ತೇನೆ ಎಂದು ಹೇಳು. ರೈಲ್ವೆ ಪೊಲೀಸರು ಬೇಡವೆಂದರೆ ವಾದಕ್ಕಿಳಿಯದೆ ಕ್ಯಾಮೆರಾ ಒಳಗಿಡು. ಹಣಕ್ಕಾಗಿ ಮಾಡುವ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಪತ್ರ ಬೇಕೇ ಬೇಕು.

• ಪಣಂಬೂರಿನ ಕಡೆ ಹೋದಾಗ ಇನ್ನೂ ಜಾಗ್ರತೆ. ಬಂದರು, ತೈಲ ಶುದ್ಧೀಕರಣ ಘಟಕ, ರಸಗೊಬ್ಬರ ಕಾರ್ಖಾನೆಗಳಿಗೆ ಭದ್ರತೆಯ ಕಾವಲಿದೆ. ಗೇಟು, ಕಾವಲುಗಾರರು, ಟ್ಯಾಂಕುಗಳ ಕಡೆ ಲೆನ್ಸ್ ತಿರುಗಿಸಬೇಡ. ಕಾರ್ಖಾನೆಯ ಕಚೇರಿಗೆ ಮೊದಲೇ ಕಾಗದ ಬರೆದು ಒಪ್ಪಿಗೆ ಪಡೆ. ಅಲ್ಲಿ ಡ್ರೋನ್ ಹಾರಿಸುವ ಆಸೆಯನ್ನೇ ಬಿಡು.

• ಒಂದು ಜಾಗ ಹಿಡಿ, ಅಲ್ಲಿಗೇ ಮತ್ತೆ ಮತ್ತೆ ಹೋಗು. ಕರಾವಳಿಯ ಹಳಿ ಹೆಚ್ಚುಕಡಿಮೆ ತೆಂಕು ಬಡಗಾಗಿ ಸಾಗುತ್ತದೆ. ಹಾಗಾಗಿ ಬೆಳಿಗ್ಗೆ ಮೂಡಣ ಬದಿಯಲ್ಲಿ, ಸಂಜೆ ಕಡಲಿನ ಬದಿಯಲ್ಲಿ ನಿಂತರೆ ಬಿಸಿಲು ನಿನ್ನ ಬೆನ್ನಿಗಿದ್ದು ಗಾಡಿಯ ಮೈ ಬೆಳಗುತ್ತದೆ. ನೇತ್ರಾವತಿ ದಾಟಿದ ಮೇಲೆ ಒಂದು ದಾರಿ ಮಂಗಳೂರು ಸೆಂಟ್ರಲ್‌ಗೆ, ಇನ್ನೊಂದು ಹಿಂದೆ ಕಂಕನಾಡಿ ಎನ್ನುತ್ತಿದ್ದ ಜಂಕ್ಷನ್‌ಗೆ ಹೋಗುತ್ತದೆ. ಯಾವ ಗಾಡಿ ಯಾವ ಕಡೆಗೆಂದು ವೇಳಾಪಟ್ಟಿ ನೋಡಿ ತಿಳಿದುಕೊಂಡರೆ ಸುಮ್ಮನೆ ಕಾಯುವುದು ತಪ್ಪುತ್ತದೆ. ಊರಿಗೆ ಬರುವಾಗ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ರೈಲು ಸೇತುವೆಯನ್ನೂ ನೋಡು. ನಮ್ಮ ಅಡೂರಿನ ಪಯಸ್ವಿನಿಯ ನೀರೇ ಅದರ ಕೆಳಗೆ ಹರಿದು ಕಡಲು ಸೇರುತ್ತದೆ.

• ವೇಗದ ಲೆಕ್ಕ ತಲೆಯಲ್ಲಿರಲಿ. ಗಂಟೆಗೆ 110 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ. ಶಟರ್ ಸೆಕೆಂಡಿನ ನೂರನೇ ಒಂದು ಭಾಗದಷ್ಟು ತೆರೆದರೆ ಅಷ್ಟರಲ್ಲಿ ಗಾಡಿ 30 ಸೆಂಟಿಮೀಟರ್ ಸರಿದಿರುತ್ತದೆ. ಸಾವಿರದಲ್ಲೊಂದು ಭಾಗವಾದರೆ 3 ಸೆಂಟಿಮೀಟರ್ ಮಾತ್ರ. ಗಾಡಿ ಅಡ್ಡ ಹಾಯುವಾಗ ಇದು ಮುಖ್ಯ, ದೂರದಿಂದ ನಮ್ಮ ಕಡೆಗೇ ಬರುವಾಗ ಅಷ್ಟಿಲ್ಲ. ರಾತ್ರಿ ಎಂಜಿನ್ ಕಡೆಗೆ ಫ್ಲ್ಯಾಷ್ ಹಾಕಲೇಬೇಡ, ಲೋಕೋ ಪೈಲಟ್‌ಗೆ ಕಣ್ಣು ಕತ್ತಲಿಡುತ್ತದೆ.

• ಹಂಚಿನ ಕಾರ್ಖಾನೆಗೆ ಒಳಹೋಗಲು ಒಪ್ಪಿಗೆ ಸಿಕ್ಕರೆ ಕೆಲಸದ ಕ್ರಮದಲ್ಲೇ ತೆಗೆ. ಆವೆಮಣ್ಣಿನ ರಾಶಿ, ಅದನ್ನು ಹದ ಮಾಡುವ ಯಂತ್ರ, ಅಚ್ಚಿನ ಪ್ರೆಸ್, ಅಂಚು ಕತ್ತರಿಸುವ ಕೈ, ಒಣಗಲು ಜೋಡಿಸಿದ ಹಸಿ ಹಂಚು, ಭಟ್ಟಿ, ಕೊನೆಗೆ ಕೆಂಪಗೆ ಬೆಂದ ಹಂಚು. ಈ ಸಾಲು ತಪ್ಪದಿದ್ದರೆ ನಾಳೆ ನೋಡಿದವರಿಗೂ ಹಂಚು ಹೇಗಾಗುತ್ತದೆಂದು ತಿಳಿಯುತ್ತದೆ. ಒಳಗೆ ಬೆಳಕು ಕಡಿಮೆ, ಧೂಳು ಹೆಚ್ಚು. ಗಾಜಿನ ಹಂಚಿನಿಂದ ಬೀಳುವ ಬೆಳಕಿನ ಕೋಲು ಕೆಲಸ ಮಾಡುವವರ ಕೈಮೇಲೆ ಬೀಳುವ ಹೊತ್ತಿಗೆ ಕಾದು ನಿಲ್ಲು. ಧೂಳಿನಲ್ಲಿ ಲೆನ್ಸ್ ಬದಲಿಸಬೇಡ.

• ಊರಿನ ಹಳೆಯ ಮಾಡು ಇಳಿಸುವ ಸುದ್ದಿ ಕೇಳಿದರೆ ಕೂಡಲೇ ಹೋಗು. ಪಕ್ಕಾಸು, ರೀಪು ಬಿಚ್ಚುವಾಗ ಕೆಳಗಿಟ್ಟ ಹಂಚನ್ನು ಮಗುಚಿ ನೋಡು. ಅಡಿಯಲ್ಲಿ ಕಾರ್ಖಾನೆಯ ಹೆಸರು, ಗುರುತು, ಕೆಲವದರಲ್ಲಿ ಇಸವಿ ಇರುತ್ತದೆ. ಮೆತ್ತನೆಯ ಬ್ರಷ್‌ನಿಂದ ಮಣ್ಣು, ಪಾಚಿ ತೆಗೆ. ಹಂಚನ್ನು ಓರೆ ಬಿಸಿಲಿಗೆ ಹಿಡಿ, ಉಬ್ಬಿದ ಅಕ್ಷರದ ಪಕ್ಕ ನೆರಳು ಬಿದ್ದು ಓದಲು ಬರುತ್ತದೆ. ಬದಿಗೆ ಒಂದು ಅಳತೆಪಟ್ಟಿ ಇಡು. ಆದರೆ ಹಂಚಿನಲ್ಲಿ 1865 ಎಂದಿದ್ದರೆ ಅದೇ ವರ್ಷ ಮಾಡಿದ ಹಂಚೆಂದು ಬರೆಯಬೇಡ. ಅದು ಕಾರ್ಖಾನೆ ಶುರುವಾದ ವರ್ಷ.

• ಮನುಷ್ಯರನ್ನು ಕೇಳದೆ ತೆಗೆಯಬೇಡ. ನಮ್ಮ ಕಡೆಯ ನಿನಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ. ಮೊದಲು ಊರು, ಕೆಲಸ ವಿಚಾರಿಸಿ ಮಾತಾಡು. ಹಂಚು ಹೊರುವ ಅಕ್ಕಂದಿರು, ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಮನಸ್ಸಿದ್ದರೆ ತಾವಾಗಿಯೇ ನಿಲ್ಲುತ್ತಾರೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದವರಿಗೆ ಒಂದು ಪ್ರತಿ ಪ್ರಿಂಟ್ ತೆಗೆದು ನೀನೇ ಹೋಗಿ ಕೊಡು.

• ಮಳೆಗಾಲದಲ್ಲಿ ಕ್ಯಾಮೆರಾವನ್ನು ಚೀಲದಲ್ಲೇ ಬಿಡಬೇಡ. ಆಷಾಢದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡು. ಅದು ಬಣ್ಣ ಬದಲಿಸಿದಾಗ ಒಣಗಿಸು.

• ತೆಗೆದ ದಿನವೇ ಬರೆದಿಡು. ಜಾಗ, ತಾರೀಕು, ಹೊತ್ತು, ಗಾಡಿಯ ಸಂಖ್ಯೆ, ಎಂಜಿನ್ ಸಂಖ್ಯೆ, ನಿಂತ ದಿಕ್ಕು, ಒಪ್ಪಿದವರ ಹೆಸರು. ಕನ್ನಡ ಅಕ್ಷರವಿರುವ ಹಳೆಯ ಫಲಕ ಕಂಡರೆ ಎದುರು ನೇರವಾಗಿ ನಿಂತು ಒಂದು ತೆಗೆ. ಎಲ್ಲದರ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡು.

ಕಾಂಕ್ರೀಟ್ ತಾರಸಿ ಬಂದ ಮೇಲೆ ಹಂಚಿಗೆ ಬೇಡಿಕೆ ಕುಸಿಯಿತು, ಆವೆಮಣ್ಣೂ ದುರ್ಲಭವಾಯಿತು. ಮಂಗಳೂರಿನ ಎಷ್ಟೋ ಹಂಚಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಉಳಿದ ಚಿಮಣಿಗಳೂ ಎಷ್ಟು ದಿನವೋ. ಚೆಂದದ ಚಿತ್ರಕ್ಕೆ ಮೆಚ್ಚುಗೆ ಬೇಗ ಸಿಗುತ್ತದೆ, ಆದರೆ ಜಾಗ, ತಾರೀಕು ಬರೆದಿಟ್ಟ ಚಿತ್ರವೇ ಊರಿಗೆ ಉಪಯೋಗಕ್ಕೆ ಬರುವುದು. ಆದ್ದರಿಂದ ಮಗಳೇ, ಅವಸರ ಮಾಡದೆ, ಅಪ್ಪಣೆ ಕೇಳಿ, ಜೀವ ಜೋಪಾನ ಮಾಡಿಕೊಂಡು ತೆಗೆ. ಜೆಪ್ಪಿನಿಂದಲೇ ಶುರು ಮಾಡು, ಈ ಭಾನುವಾರವೇ ಶುರು ಮಾಡು.