ಪರದೆಯ ಮೇಲೆ ಟೈಲ್ಸ್ ಹಾಸುವುದು

ಕಂಪ್ಯೂಟರಿನಲ್ಲಿ ಮಾಡಿದ ಟೈಲ್ಸ್ ಮಾದರಿ ನಿಜವೆನಿಸಬೇಕಾದರೆ ಅಂಗಡಿಯಲ್ಲಿ ಸಿಗುವ ಅಳತೆಯೇ ಆಧಾರ. ದೆಹಲಿ, ನೊಯ್ಡಾ, ಗುರುಗ್ರಾಮದ ಅಂಗಡಿಗಳಿಗೆ ಬಹಳಷ್ಟು ಮಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. 600×600, 600×1200 ಮಿ.ಮೀ. ಅಲ್ಲಿ ಸಾಮಾನ್ಯ. 2 ಮಿ.ಮೀ. ಸಂದು ಸೇರಿದರೆ 600ರ ಟೈಲು ನೆಲದಲ್ಲಿ ಹಿಡಿಯುವ ಜಾಗ 602. ಆದ್ದರಿಂದ ನಾಲ್ಕು ಟೈಲು ಅಗಲದ ಚಿತ್ರಕ್ಕೆ ಸ್ಕೆಚಪ್ ತಂತ್ರಾಂಶದಲ್ಲಿ 2408 ಎಂದೇ ಕೊಡಬೇಕು, 2400 ಅಲ್ಲ. ರೆವಿಟ್‌ನಲ್ಲಾದರೆ ಮಾಡೆಲ್ ಪ್ಯಾಟರ್ನ್ ಬೇಕು; ಡ್ರಾಫ್ಟಿಂಗ್ ಪ್ಯಾಟರ್ನ್‌ನ ಗೆರೆಗಳು ನಿಜವಾದ ಅಳತೆಗೆ ನಿಲ್ಲುವುದಿಲ್ಲ.

ಹೆಚ್ಚಿನವರು ಎಡವುವುದು ಹಾಸು ಎಲ್ಲಿಂದ ಶುರು ಎಂಬಲ್ಲಿ. ನೊಯ್ಡಾ ಫ್ಲ್ಯಾಟಿನ 1500 ಮಿ.ಮೀ. ಅಗಲದ ಬಚ್ಚಲಿನಲ್ಲಿ 600ರ ಟೈಲು ಹಾಸುತ್ತ ಮೂಲೆಯಿಂದ ಹೊರಟರೆ ಕೊನೆಗೆ 296ರ ತುಂಡು ಉಳಿಯುತ್ತದೆ. ಒಂದು ಟೈಲನ್ನು ನಟ್ಟನಡುವೆ ಇಟ್ಟರೆ ಎರಡೂ ಬದಿಗೆ 448ರ ತುಂಡು. ನೋಟಕ್ಕೂ ಚೆಂದ, ಮೇಸ್ತ್ರಿಗೂ ಸಲೀಸು. ಗೋಡೆಯ ಸಂದು ನೆಲದ ಸಂದಿಗೆ ಕೂಡಬೇಕು.

ಬಣ್ಣ, ಹೊಳಪಿನ ಮಾತು ಅನಂತರದ್ದು. ಮಾರ್ಬಲ್ ನಮೂನೆಯ ಟೈಲಿನಲ್ಲಿ ಒಂದೇ ಎಳೆ ಸಾಲುಸಾಲಾಗಿ ಮರುಕಳಿಸಿದರೆ ಸುಳ್ಳು ಬಯಲಾಗುತ್ತದೆ. ಬೇರೆ ಬೇರೆ ಎಳೆಗಳ ನಾಲ್ಕಾರು ಚಿತ್ರ ಬೆರೆಸಿ, ಕೆಲವನ್ನು ತಿರುಗಿಸಬೇಕು. ಸಂದಿಗೆ ಅಚ್ಚಬಿಳಿ ಬೇಡ. ಸಂದು ಟೈಲಿಗಿಂತ ತುಸು ತಗ್ಗಾಗಿ, ಹೊಳಪಿಲ್ಲದೆ ಇರಲಿ.