ಬೋಟಿನ ಇಂಜಿನ್ ತಣ್ಣಗಿರುವಾಗಲೇ ನೋಡು

ಅಳಿಯಾ, ಮಂಗಳೂರು ಧಕ್ಕೆಯಲ್ಲಿ ಹಳೆಯ ಟ್ರಾಲ್ ಬೋಟು ನೋಡಿಟ್ಟಿದ್ದೀಯೆಂದು ನಿನ್ನಮ್ಮ ಹೇಳಿದಳು. ಸಂತೋಷ. ಆದರೆ ಅಡ್ವಾನ್ಸ್ ಕೊಡುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮವರಿಗೆ ಡೀಸೆಲ್ ಇಂಜಿನ್ ಹೊಸತಲ್ಲ. ತೋಟದ ಪಂಪುಸೆಟ್ಟು, ಜೀಪು, ಲಾರಿ ಎಲ್ಲ ಕಂಡವರೇ. ಆ ಅನುಭವ ಬೋಟಿಗೆ ಸಾಲದು. ಲಾರಿಗೆ ಇಳಿಜಾರಾದರೂ ಸಿಗುತ್ತದೆ. ಬಲೆ ಎಳೆಯುವ ಬೋಟೆಂದರೆ ಗಂಟೆಗಟ್ಟಲೆ ಚಾರ್ಮಾಡಿ ಘಾಟಿ ಹತ್ತುತ್ತಲೇ ಇರುವ ಲೋಡು ಲಾರಿ. ಧಕ್ಕೆಯಲ್ಲಿ ಕಟ್ಟಿಹಾಕಿ ಸ್ಲೋದಲ್ಲಿ ಓಡಿಸಿ ತೋರಿಸಿದರೆ ಅದರ ಶಕ್ತಿ ತಿಳಿಯುವುದಿಲ್ಲ.

ನೀನು ಬರುವವರೆಗೆ ಇಂಜಿನ್ ಮುಟ್ಟಬಾರದೆಂದು ಮೊದಲೇ ಹೇಳಿಡು. ಹೋದ ಕೂಡಲೇ ಬ್ಲಾಕಿನ ಮೇಲೆ ಕೈಯಿಡು. ಬೆಚ್ಚಗಿದ್ದರೆ ಸೀದಾ ಮನೆಗೆ ಬಾ, ಇನ್ನೊಂದು ಬೆಳಿಗ್ಗೆ ಹೋಗು. ರಿಂಗ್ ಸವೆದು ಕಂಪ್ರೆಷನ್ ಬಿದ್ದ ಇಂಜಿನ್ ತಣ್ಣಗಿರುವಾಗಲೇ ಹಠ ಮಾಡುವುದು. ಬಿಸಿಯಾದ ಮೇಲೆ ಅದೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆದೀತು. ಡಿಪ್‌ಸ್ಟಿಕ್ ತೆಗೆದು ನೋಡು. ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ, ಡೀಸೆಲಿನಲ್ಲಿ ಅದು ಸಹಜ. ಬಿಳಿಚಿಕೊಂಡು ನೊರೆಗಟ್ಟಿದ್ದರೆ ಒಳಗೆ ನೀರು ಸೇರಿದೆ. ಗೇರ್‌ಬಾಕ್ಸಿನ ಆಯಿಲನ್ನೂ ಮೂಸು, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟಿನ ಖರ್ಚು ಕಾದಿದೆ. ಹೊಸ ಪೇಂಟಿಗೆ ಮರುಳಾಗಬೇಡ. ಇಂಜಿನ್ನಿನ ಅಡಿಗೆ ಟಾರ್ಚ್ ಬಿಟ್ಟು ನೋಡು.

ಆಮೇಲೆ ಅಳಿವೆ ದಾಟಿಸಿ ಹೊರಗೆ ಓಡಿಸಲಿ. ಅರ್ಧ ಗಂಟೆಯಾದರೂ ಫುಲ್ ರೇಸ್ ಇರಲಿ. ಇಂಜಿನ್ ಪ್ಲೇಟಿನಲ್ಲಿ ಬರೆದ ಆರ್‌ಪಿಎಂ ಮುಟ್ಟುತ್ತದೆಯೋ ನೋಡು. ಟೆಂಪರೇಚರ್ ಒಂದು ಕಡೆ ನಿಲ್ಲಬೇಕು. ಮೆಲ್ಲಮೆಲ್ಲನೆ ಏರುತ್ತಲೇ ಇದ್ದರೆ ಕೂಲರಿನ ಟ್ಯೂಬು ಕಟ್ಟಿರಬಹುದು, ನೀರಿನ ಪಂಪು ಸೋತಿರಬಹುದು. ನೀಲಿ ಹೊಗೆ ಬಿಡದೆ ಬಂದರೆ ಆಯಿಲ್ ಉರಿಯುತ್ತಿದೆ, ಇಂಜಿನ್ ಬಿಚ್ಚಲೇಬೇಕಾದೀತು. ಕಪ್ಪು ಹೊಗೆಗೆ ಅಷ್ಟು ಹೆದರಬೇಡ. ನಾಜಲ್ ಕೆಟ್ಟರೂ, ಬೋಟಿನಡಿಗೆ ಚಿಪ್ಪು ಕಟ್ಟಿ ಭಾರವಾದರೂ ಅದು ಬರುತ್ತದೆ. ವಾಪಸ್ ಬಂದು ಸ್ಲೋದಲ್ಲಿಟ್ಟು ಆಯಿಲ್ ಪ್ರೆಷರ್ ನೋಡು. ಬಿಸಿಯಲ್ಲಿ ತೀರ ಕೆಳಗಿಳಿದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಬ್ರೀದರ್ ಪೈಪಿನಿಂದ ಹೊಗೆ ಒತ್ತಿಕೊಂಡು ಬರುತ್ತಿದ್ದರೆ ಆ ಇಂಜಿನ್ನಿಗೆ ಬೆಲೆಯನ್ನೇ ಕಟ್ಟಬೇಡ, ಬರೀ ಬೋಟಿನ ಬೆಲೆ ಮಾತಾಡು.

ಇಷ್ಟೆಲ್ಲ ಏಕೆ ಹೇಳುತ್ತೇನೆಂದರೆ, ನಮ್ಮೂರಿನ ನೇತ್ರಾವತಿಯೂ ವೇಣೂರಿನ ಕಡೆಯಿಂದ ಬರುವ ಫಲ್ಗುಣಿಯೂ ಕಡಲು ಸೇರುವ ಆ ಅಳಿವೆ ಬಾಗಿಲಲ್ಲಿ ಮರಳ ದಿಣ್ಣೆಯ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ಇಂಜಿನ್ ನಿಂತರೆ ಹೋಗುವುದು ದುಡ್ಡು ಮಾತ್ರವಲ್ಲ. ನಿನ್ನನ್ನು ನಂಬಿ ಬೋಟು ಹತ್ತಿದವರಿದ್ದಾರೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧ. ಆಗ ವ್ಯಾಪಾರ ಕುದುರಿದರೆ ಕಡಲಿಗಿಳಿಸಿ ನೋಡಲಾಗದು. ಧಕ್ಕೆಗೆ ಗಟ್ಟಿ ಹಗ್ಗದಲ್ಲಿ ಬಿಗಿದು ಗೇರ್ ಹಾಕಿ ಓಡಿಸಿ ನೋಡಬಹುದು, ಅದು ಅರ್ಧ ಪರೀಕ್ಷೆ. ಹಾಗಾಗಿ ಸಣ್ಣ ಅಡ್ವಾನ್ಸ್ ಕೊಟ್ಟು, ಉಳಿದದ್ದು ಆಗಸ್ಟಿನಲ್ಲಿ ಓಡಿಸಿ ನೋಡಿದ ಮೇಲೆ ಎಂದು ಕರಾರಿನಲ್ಲೇ ಬರೆಸು. ಮಾರುವವರ ಮೆಕ್ಯಾನಿಕ್ ಬೇಡ, ನಾವೇ ಒಬ್ಬರನ್ನು ಕರೆದುಕೊಂಡು ಹೋಗುವ. ದಿನ ಗೊತ್ತಾದರೆ ಹಿಂದಿನ ರಾತ್ರಿಯೇ ಫೋನ್ ಮಾಡು, ನಾನೂ ಬರುತ್ತೇನೆ.